ಕೋರ್ಸಿಕಾದ ಕಾಡುಕರಾವಳಿ: ಎಷ್ಟು ಹತ್ತಿರ ಹೋಗಬಹುದು?

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕಾರವಾರದ ಕಡಲು ಉಬ್ಬರ, ಇಳಿತದ ನಡುವೆ ಹೆಚ್ಚುಕಡಿಮೆ ಎರಡು ಮೀಟರ್ ಏರಿಳಿಯುತ್ತದೆ. ಮೆಡಿಟರೇನಿಯನ್ನಿನ ಕೋರ್ಸಿಕಾ ದ್ವೀಪದಲ್ಲಿ ಅದೇ ಏರಿಳಿತ ಒಂದು ಗೇಣು. ಜಿಬ್ರಾಲ್ಟರಿನ ಕಿರಿದಾದ ಬಾಯಿ ಬಿಟ್ಟರೆ ಆ ಸಮುದ್ರಕ್ಕೆ ಮಹಾಸಾಗರದೊಡನೆ ಸಂಪರ್ಕವೇ ಇಲ್ಲ, ಹಾಗಾಗಿ ಉಬ್ಬರ ಒಳಗೆ ಬರುವುದೇ ಕಡಿಮೆ. ಈ ಒಂದು ಸಂಗತಿ ತಿಳಿದಿದ್ದರೆ ಅಲ್ಲಿನ ಬಂಡೆಗಳ ಮೇಲಿನ ಬದುಕು ಅರ್ಧ ಅರ್ಥವಾದ ಹಾಗೆ. ನಮ್ಮಲ್ಲಿ ಎರಡು ಮೀಟರ್ ಎತ್ತರಕ್ಕೆ ಹರಡಿಕೊಳ್ಳುವ ಜೀವಿಗಳು ಅಲ್ಲಿ ಅಂಗೈ ಅಗಲದ ಪಟ್ಟಿಗಳಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ. ನೀರಿನ ಮಟ್ಟ ನಾಲ್ಕು ಬೆರಳು ಬದಲಾದರೂ ಕೆಲವಕ್ಕೆ ಅದು ಬೇರೆಯೇ ಲೋಕ.

ಇವತ್ತಿನ ಮಾತು ಆ ದ್ವೀಪದ ಮೂರು ತುಂಡುಗಳ ಬಗ್ಗೆ: ಪಶ್ಚಿಮದಲ್ಲಿ ಪೋರ್ತೋ ಕೊಲ್ಲಿ ಮತ್ತು ಸ್ಕಾಂಡೋಲಾ, ಉತ್ತರದಲ್ಲಿ ಅಗ್ರಿಯಾತ್, ದಕ್ಷಿಣದ ತುದಿಯಲ್ಲಿ ಬೊನಿಫಾಚೊ ಜಲಸಂಧಿ. ಕೋರ್ಸಿಕಾ ಫ್ರಾನ್ಸಿಗೆ ಸೇರಿದ್ದು. ವಿಸ್ತೀರ್ಣದಲ್ಲಿ ಕೊಡಗಿನ ಎರಡು ಪಟ್ಟು, ಕಡಲಂಚು ಸುಮಾರು 1,000 ಕಿ.ಮೀ. ಅತಿ ಎತ್ತರದ ಶಿಖರ ಮೊಂತೆ ಚಿಂತೊ 2,706 ಮೀಟರ್. ಅದು ಸಮುದ್ರದಿಂದ 25 ಕಿ.ಮೀ. ದೂರದಲ್ಲೇ ಇದೆ. ಬೆಟ್ಟ ನೇರವಾಗಿ ಕಡಲಿಗೆ ಇಳಿಯುವ ಊರು, ಬಯಲು ಕಡಿಮೆ.

ಇಷ್ಟು ತೀರ ಕಾಡಾಗಿಯೇ ಹೇಗೆ ಉಳಿಯಿತು? ನಿಸರ್ಗಪ್ರೇಮದಿಂದಲ್ಲ. ಹದಿನಾರನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಡಲ್ಗಳ್ಳರು ತೀರದ ಹಳ್ಳಿಗಳಿಗೆ ನುಗ್ಗಿ ಜನರನ್ನು ಹಿಡಿದು ಗುಲಾಮರಾಗಿ ಮಾರುತ್ತಿದ್ದರು. ಜನ ಗುಡ್ಡ ಹತ್ತಿದರು. ಆಗ ದ್ವೀಪವನ್ನು ಆಳುತ್ತಿದ್ದ ಇಟಲಿಯ ಜಿನೋವಾ ನಗರದವರ ಕಾಲದಲ್ಲಿ ಕಟ್ಟಿದ ಕಾವಲು ಗೋಪುರಗಳು ಇವತ್ತಿಗೂ ತುದಿತುದಿಯಲ್ಲಿ ನಿಂತಿವೆ. ಪೂರ್ವದ ಬಯಲಿನಲ್ಲಿ ಮಲೇರಿಯಾ. ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದ ಸೈನ್ಯ ಡಿಡಿಟಿ ಸಿಂಪಡಿಸುವ ತನಕ ಅಲ್ಲಿ ಬೇಸಾಯವೇ ಕಷ್ಟವಿತ್ತು. ಪಶ್ಚಿಮದ ಬಂಡೆ ತೀರಕ್ಕೆ ರಸ್ತೆ ತರುವುದು ದುಬಾರಿ. 1960ರಲ್ಲಿ ಫ್ರೆಂಚ್ ಸರಕಾರ ಕಾಲ್ವಿ ಪಟ್ಟಣದ ದಕ್ಷಿಣಕ್ಕೆ ಅರ್ಜೆಂಟೆಲ್ಲಾ ಎಂಬಲ್ಲಿನ ಪಾಳುಗಣಿಯಲ್ಲಿ ಪರಮಾಣು ಪರೀಕ್ಷೆ ನಡೆಸಲು ಹೊರಟಿತ್ತು ಎಂದರೆ ಆ ತೀರವನ್ನು ಎಷ್ಟು ನಿರ್ಜನ ಎಂದು ಎಣಿಸಿದ್ದರು ನೋಡಿ. ದ್ವೀಪದವರು ಬೀದಿಗಿಳಿದರು, ಯೋಜನೆ ನಿಂತಿತು. ಅಂದರೆ ಯಾರೂ ಹತ್ತಿರ ಹೋಗದಿದ್ದರಿಂದ ಉಳಿದ ತೀರ ಇದು. ಈಗ ಎಲ್ಲರೂ ಹತ್ತಿರ ಹೋಗಲು ಬಯಸುತ್ತಿದ್ದಾರೆ. ಅಲ್ಲಿನ ರಕ್ಷಣೆಯ ಕೆಲಸವೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಲೆಕ್ಕಕ್ಕೆ: ಯಾವ ಜೀವಿಗೆ, ಯಾವ ತಿಂಗಳಲ್ಲಿ, ಎಷ್ಟು ದೂರ.

ಕೆಂಪು ಬಂಡೆ ಮತ್ತು ಒಂದು ಗೇಣಿನ ಲೋಕ

ಸ್ಕಾಂಡೋಲಾ ಮೀಸಲು ಪ್ರದೇಶ ಆದದ್ದು 1975ರಲ್ಲಿ. ನೆಲ ಸುಮಾರು 900 ಹೆಕ್ಟೇರ್, ನೀರು ಸುಮಾರು 1,000 ಹೆಕ್ಟೇರ್. ನೆಲವನ್ನೂ ಕಡಲನ್ನೂ ಒಂದೇ ಬೇಲಿಯೊಳಗೆ ತಂದದ್ದು ಆ ಕಾಲಕ್ಕೆ ಹೊಸ ಯೋಚನೆ. 1983ರಲ್ಲಿ ಪೋರ್ತೋ ಕೊಲ್ಲಿ, ಪಿಯಾನಾದ ಕಲಾಂಶ್ ಬಂಡೆಗಳು, ಜಿರೊಲಾತಾ ಕೊಲ್ಲಿ ಮತ್ತು ಸ್ಕಾಂಡೋಲಾ ಒಟ್ಟಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಸ್ಕಾಂಡೋಲಾದ ಕಲ್ಲು ಜ್ವಾಲಾಮುಖಿಯದು. ಇಪ್ಪತ್ತೈದು ಕೋಟಿ ವರ್ಷಕ್ಕೂ ಹಿಂದೆ ಉಕ್ಕಿ ತಣಿದ ರಯೊಲೈಟ್. ಕೆಲವೆಡೆ ತಣಿಯುವಾಗ ಕುಗ್ಗಿ ಸೀಳಿದ್ದರಿಂದ ಉದ್ದುದ್ದ ಕಂಬಗಳಾಗಿವೆ. (ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ಕಂಡವರಿಗೆ ಈ ಸೀಳಿನ ಪರಿಚಯವಿದೆ, ಕಾಲ ಬೇರೆ, ತಣಿದು ಬಿರಿಯುವ ಬಗೆ ಒಂದೇ.) ದಕ್ಷಿಣಕ್ಕೆ ಪಿಯಾನಾದಲ್ಲಿ ಇರುವುದು ಕೆಂಪು ಗ್ರಾನೈಟ್. ಅದರ ಮೈತುಂಬ ಗೂಡುಗೂಡಾದ ಪೊಟರೆಗಳು, ಕೆಲವು ಮನುಷ್ಯ ಒಳಗೆ ಕೂರುವಷ್ಟು ದೊಡ್ಡವು, ತಫೋನಿ ಎನ್ನುತ್ತಾರೆ. ಉಪ್ಪುಗಾಳಿ ತಂದ ತೇವ ಕಲ್ಲಿನ ಸಣ್ಣ ಬಿರುಕಿಗೆ ಇಳಿಯುತ್ತದೆ, ಬಿಸಿಲಿಗೆ ಒಣಗಿ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ, ಕಣ ಉದುರುತ್ತದೆ. ಒಮ್ಮೆ ಗುಳಿಯಾದ ಮೇಲೆ ಅದರೊಳಗೆ ನೆರಳು, ತೇವ ಹೆಚ್ಚು. ಹಾಗಾಗಿ ಹೊರಮೈಗಿಂತ ಒಳಗೇ ಬೇಗ ಸವೆಯುತ್ತದೆ. ಪೊಟರೆ ಒಳಗಿನಿಂದ ಬೆಳೆಯುವುದು ಇದಕ್ಕೇ.

ಈಗ ದೋಣಿಯಿಂದ ಬಂಡೆಯ ಬುಡ ನೋಡೋಣ, ಮೇಲಿನಿಂದ ಕೆಳಕ್ಕೆ. ಮೊದಲು ಅಲೆಯ ತುಂತುರು ಮಾತ್ರ ತಾಗುವ ಕಪ್ಪು ಪಟ್ಟಿ. ಅದು ಕಲ್ಲುಹೂವು ಮತ್ತು ಸೂಕ್ಷ್ಮಜೀವಿಗಳ ಲೇಪ, ಅಲ್ಲಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಸವನಹುಳು. ಅದರ ಕೆಳಗೆ ಬೂದುಬಣ್ಣದ ಬಾರ್ನಕಲ್‌ಗಳು, ಅಂದರೆ ಬಂಡೆಗೆ ಅಂಟಿಯೇ ಬದುಕುವ ಸಣ್ಣ ಚಿಪ್ಪಿನ ಜೀವಿಗಳು. ಅದರ ಕೆಳಗೆ ಕಂದುಗೆಂಪಿನ ರಿಸೊಯೆಲ್ಲಾ ಪಾಚಿ. ಈ ಪಾಚಿಗೆ ಒಂದು ಹಟ: ಸಿಲಿಕಾ ಇರುವ ಬಂಡೆಯ ಮೇಲಷ್ಟೇ ಬೆಳೆಯುತ್ತದೆ. ಸ್ಕಾಂಡೋಲಾದ ರಯೊಲೈಟ್, ಪಿಯಾನಾದ ಗ್ರಾನೈಟ್ ಎರಡೂ ಆಗುತ್ತವೆ. ಬೊನಿಫಾಚೊದ ಬಿಳಿ ಸುಣ್ಣಕಲ್ಲು ಬಂಡೆಗೆ ಹೋದರೆ ಅದು ಇಲ್ಲ. ಪಾಚಿ ನೋಡಿ ಕಲ್ಲು ಹೇಳಬಹುದು.

ಅದಕ್ಕೂ ಕೆಳಗೆ, ನೀರಿನ ಸರಾಸರಿ ಮಟ್ಟಕ್ಕಿಂತ ತುಸು ಮೇಲೆ, ಈ ತೀರದ ಅತಿ ನಾಜೂಕಿನ ವಸ್ತು ಇದೆ: ಲಿಥೊಫಿಲ್ಲಂ ಎಂಬ ಸುಣ್ಣಗಟ್ಟುವ ಪಾಚಿ ಕಟ್ಟಿದ ಕಟ್ಟೆ. ಮಾಸಲು ಗುಲಾಬಿ ಬಣ್ಣ, ಮುಟ್ಟಿದರೆ ಕಲ್ಲೇ. ಸತ್ತ ಪಾಚಿಯ ಸುಣ್ಣದ ಮೇಲೆ ಹೊಸದು ಬೆಳೆದು, ಸಂದುಗಳಲ್ಲಿ ಮರಳು, ಚಿಪ್ಪು ಸೇರಿ ಗಟ್ಟಿಯಾಗಿ ಬಂಡೆಯಿಂದ ಹೊರಕ್ಕೆ ಚಾಚುತ್ತದೆ. ಸ್ಕಾಂಡೋಲಾದಲ್ಲಿ ಇಂಥ ಕಟ್ಟೆ ಕೆಲವೆಡೆ ಎರಡು ಮೀಟರ್ ಅಗಲವಿದೆ, ಮೇಲೆ ನಡೆಯಬಹುದು ಎನ್ನಿಸುವ ಹಾಗೆ. ನಡೆಯಬಾರದು. ಮೇಲ್ಪದರದಲ್ಲಿ ಮಾತ್ರ ಜೀವ ಇರುವುದು, ಕಾಲಿನ ಒತ್ತಡಕ್ಕೆ ಅದು ಪುಡಿಯಾಗುತ್ತದೆ. ಅಷ್ಟು ಅಗಲ ಆಗಲು ನೀರಿನ ಮಟ್ಟ ಶತಮಾನಗಟ್ಟಲೆ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರಬೇಕು. ಈಗ ಜಗತ್ತಿನ ಕಡಲಮಟ್ಟ ವರ್ಷಕ್ಕೆ ಸರಾಸರಿ 3 ಮಿ.ಮೀ.ಗೂ ಮಿಕ್ಕಿ ಏರುತ್ತಿದೆ. ಎರಡು ಮೀಟರ್ ಉಬ್ಬರವಿರುವ ತೀರದಲ್ಲಿ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಒಂದು ಗೇಣಿನ ತೀರದಲ್ಲಿ ಕಟ್ಟೆ ಮುಳುಗತೊಡಗುತ್ತದೆ. ಮುಳುಗಿದ ಕಟ್ಟೆಯ ಮೇಲೆ ನೀರಡಿಯ ಬೇರೆ ಪಾಚಿಗಳು ಹತ್ತಿಕೊಳ್ಳುತ್ತವೆ, ಕಲ್ಲು ಕೊರೆಯುವ ಜೀವಿಗಳು ಸೇರಿಕೊಳ್ಳುತ್ತವೆ. ಇದಕ್ಕೆ ಮೀಸಲು ಪ್ರದೇಶದ ಯಾವ ಬೇಲಿಯೂ ಉಪಯೋಗಕ್ಕೆ ಬರುವುದಿಲ್ಲ.

ಇದೇ ಪಟ್ಟಿಯಲ್ಲಿ ಇನ್ನೊಬ್ಬ ನಿವಾಸಿ ಇದೆ, ಪಟೆಲ್ಲಾ ಫೆರುಜೀನಿಯಾ. ಬಂಡೆಗೆ ಬಿಗಿಯಾಗಿ ಅಂಟಿಕೊಂಡ, ಟೋಪಿಯಾಕಾರದ, ದಪ್ಪ ಏಣುಗಳಿರುವ ಚಿಪ್ಪು, ಹತ್ತು ಸೆಂ.ಮೀ. ತನಕ ಬೆಳೆಯಬಲ್ಲದು. ಮೆಡಿಟರೇನಿಯನ್ನಿನ ಅತ್ಯಂತ ಅಪಾಯದಲ್ಲಿರುವ ಚಿಪ್ಪುಜೀವಿಗಳಲ್ಲಿ ಒಂದು. ಇದು ಮೊದಲು ಗಂಡು, ಬೆಳೆದು ದೊಡ್ಡದಾದ ಮೇಲೆ ಹೆಣ್ಣು. ತಿನ್ನಲೆಂದೋ ಗಾಳಕ್ಕೆ ಎರೆಯೆಂದೋ ಕೀಳುವವರು ಸಹಜವಾಗಿ ದೊಡ್ಡದನ್ನೇ ಕೀಳುತ್ತಾರೆ. ಹತ್ತು ಚಿಪ್ಪು ಕಿತ್ತರೆ ಹತ್ತು ತಾಯಂದಿರು ಹೋದ ಹಾಗೆ. ಬಂಡೆಯ ಮೇಲೆ ಇನ್ನೂ ನೂರು ಸಣ್ಣವು ಇವೆಯಲ್ಲ ಎನ್ನುವ ಸಮಾಧಾನಕ್ಕೆ ಅರ್ಥವಿಲ್ಲ, ಅವೆಲ್ಲ ಗಂಡು.

ನೀರಿನೊಳಗೆ ಇದರ ಉಲ್ಟಾ ಉದಾಹರಣೆಯಿದೆ. ನಮ್ಮ ಕರಾವಳಿಯಲ್ಲಿ ಮುರು ಎನ್ನುತ್ತಾರಲ್ಲ, ಆ ಗುಂಪಿನ ಮೀನು, ಕಂದು ಗ್ರೂಪರ್. ಹುಟ್ಟುವಾಗ ಎಲ್ಲವೂ ಹೆಣ್ಣು. ಸುಮಾರು 80–90 ಸೆಂ.ಮೀ. ಆದಾಗ, ಅಂದರೆ ಹತ್ತಾರು ವರ್ಷ ದಾಟಿದ ಮೇಲೆ, ಗಂಡಾಗುತ್ತದೆ. ಈಟಿ ಹಿಡಿದು ಮುಳುಗುವವನಿಗೆ ಬೇಕಾದದ್ದು ದೊಡ್ಡ ಮೀನು, ಅಂದರೆ ಇದ್ದೊಂದು ಗಂಡು. ಫ್ರಾನ್ಸಿನ ಮೆಡಿಟರೇನಿಯನ್ ತೀರದಲ್ಲಿ 1993ರಿಂದ ಗ್ರೂಪರಿನ ಈಟಿ ಬೇಟೆಗೆ ನಿಷೇಧವಿದೆ, ಆಮೇಲೆ ಅದು ಗಾಳಕ್ಕೂ ವಿಸ್ತರಿಸಿತು, ಅವಧಿ ಮುಗಿದಂತೆಲ್ಲ ಮುಂದುವರಿದಿದೆ. ಫಲ ನಿಧಾನವಾಗಿ ಬಂತು. ಇಷ್ಟು ತಡವಾಗಿ ಗಂಡಾಗುವ ಮೀನಿಗೆ ಐದು ವರ್ಷದ ನಿಷೇಧ ಎಂದರೆ ಏನೂ ಇಲ್ಲ. ಈಗ ಸ್ಕಾಂಡೋಲಾ ಮತ್ತು ಬೊನಿಫಾಚೊ ಜಲಸಂಧಿಯ ಲಾವೆಜ್ಜಿ ದ್ವೀಪಗಳ ಸುತ್ತ ಅವು ಮತ್ತೆ ನಿರಾಳವಾಗಿ ಕಾಣಸಿಗುತ್ತವೆ.

ತಡವಾದದ್ದು ಮಂಕ್ ಸೀಲ್ ವಿಷಯದಲ್ಲಿ. ಮೆಡಿಟರೇನಿಯನ್ನಿನ ಈ ಕಡಲನಾಯಿ ಕೋರ್ಸಿಕಾದ ಗುಹೆಗಳಲ್ಲಿ ಮರಿ ಹಾಕುತ್ತಿತ್ತು. ಬಲೆ ಹರಿಯುತ್ತದೆ ಎಂದು ಮೀನುಗಾರರು ಕೊಂದರು. 1970ರ ದಶಕದಲ್ಲಿ, ಮೀಸಲು ಪ್ರದೇಶ ಹುಟ್ಟುವ ಹೊತ್ತಿಗೆ ಸರಿಯಾಗಿ, ದ್ವೀಪದಿಂದ ಕಣ್ಮರೆಯಾಯಿತು. ಗುಹೆಗಳು ಹಾಗೇ ಇವೆ.

ಮೀನುಗಿಡುಗ ಮತ್ತು ಇನ್ನೂರೈವತ್ತು ಮೀಟರ್

ಆಸ್ಪ್ರೆ ಎಂಬ ಮೀನುಗಿಡುಗ ನಿಮ್ಮಲ್ಲಿ ಹಲವರಿಗೆ ಗೊತ್ತು. ಚಳಿಗಾಲದಲ್ಲಿ ಕಬಿನಿ, ತುಂಗಭದ್ರಾ ಹಿನ್ನೀರಿಗೆ ಬರುತ್ತದೆ, ಒಣಮರದ ತುದಿಯಲ್ಲಿ ಕೂತು ಮೀನನ್ನು ಹರಿದು ತಿನ್ನುತ್ತದೆ. ಇಲ್ಲಿಗೆ ಬರುವವು ಉತ್ತರದ ತಣ್ಣನೆ ದೇಶಗಳಲ್ಲಿ ಮರದ ಮೇಲೆ ಗೂಡು ಕಟ್ಟುವಂಥವು. ಕೋರ್ಸಿಕಾದವು ಕಡಲಿನಿಂದ ಎದ್ದ ಬಂಡೆಕಂಬದ ತಲೆಯ ಮೇಲೆ ಕಟ್ಟುತ್ತವೆ. ವರ್ಷ ವರ್ಷ ಅದೇ ಗೂಡಿಗೆ ಕಡ್ಡಿ ಪೇರಿಸಿ ಪೇರಿಸಿ ಆಳೆತ್ತರ ಆದದ್ದೂ ಉಂಟು.

1970ರ ದಶಕದ ಆರಂಭದಲ್ಲಿ ದ್ವೀಪದಲ್ಲಿ ಉಳಿದದ್ದು ಮೂರೇ ಜೋಡಿ. ಕೊಲ್ಲುವುದು ನಿಂತಿತು, ಸ್ಕಾಂಡೋಲಾ ಮೀಸಲಾಯಿತು, ಕೆಲವು ಕಂಬಗಳ ಮೇಲೆ ಕೃತಕ ಗೂಡು ಕಟ್ಟಿಕೊಟ್ಟರು. ಜೋಡಿಗಳು ಮೂವತ್ತರ ಆಸುಪಾಸಿಗೆ ಬಂದವು. 2006ರಿಂದ 2010ರ ನಡುವೆ ಕೋರ್ಸಿಕಾದ 33 ಮರಿಗಳನ್ನು ಇಟಲಿಯ ಟಸ್ಕನಿಗೆ ಒಯ್ದು ಬೆಳೆಸಿ ಹಾರಿಬಿಟ್ಟರು; 2011ರಲ್ಲಿ ಅಲ್ಲಿನ ಮಾರೆಮ್ಮಾದಲ್ಲಿ ಒಂದು ಜೋಡಿ ಮರಿ ಮಾಡಿತು. ಇಲ್ಲಿಗೆ ನಿಲ್ಲಿಸಿದರೆ ಗೆಲುವಿನ ಕಥೆ.

ಆದರೆ ಗೂಡುಗಳ ಸಂಖ್ಯೆ ಬೇರೆ, ಹಾರಿದ ಮರಿಗಳ ಸಂಖ್ಯೆ ಬೇರೆ. ಮೀಸಲು ಪ್ರದೇಶದ ಒಳಗಿನ ಗೂಡುಗಳಲ್ಲೇ ಮರಿ ಉಳಿಯುವುದು ಕಡಿಮೆಯಾಗುತ್ತ ಬಂತು. ಕಾರಣ ಎರಡು ತೋರುತ್ತವೆ. ಒಂದು, ಹಕ್ಕಿಗಳೇ ಹೆಚ್ಚಾದದ್ದು: ಗೂಡು ಸಿಗದ ಒಂಟಿ ಹಕ್ಕಿಗಳು ಇನ್ನೊಬ್ಬರ ಗೂಡಿನ ಮೇಲೆ ಸುತ್ತುತ್ತವೆ, ತಾಯಿತಂದೆ ಅವನ್ನು ಅಟ್ಟುವುದರಲ್ಲೇ ಹೊತ್ತು ಕಳೆಯುತ್ತವೆ. ಎರಡು, ಪ್ರವಾಸಿ ದೋಣಿ. ಮಾರ್ಚಿನಲ್ಲಿ ಮೊಟ್ಟೆ, ಐದು ವಾರ ಕಾವು, ಆಮೇಲೆ ಮರಿ ಹಾರಲು ಏಳೆಂಟು ವಾರ. ಅಂದರೆ ಮರಿ ಗೂಡಿನಲ್ಲಿರುವುದು ಮೇ, ಜೂನ್, ಜುಲೈ. ಪೋರ್ತೋ, ಕಾಲ್ವಿ, ಗಲೇರಿಯಾದಿಂದ ದೋಣಿಗಳು ಸಾಲುಗಟ್ಟುವುದೂ ಆಗಲೇ. ದೋಣಿ ಕಂಬದ ಬುಡಕ್ಕೆ ಬಂದು ನಿಂತು, ಮಾರ್ಗದರ್ಶಿ ಮೈಕಿನಲ್ಲಿ ಗೂಡು ತೋರಿಸುತ್ತಾನೆ. ಹೆಣ್ಣು ಎದ್ದು ಕೂಗುತ್ತ ಸುತ್ತುತ್ತದೆ. ಅದು ಎದ್ದರೆ ಮರಿಗೆ ನೆರಳಿಲ್ಲ. ಬಂಡೆಯ ಮೇಲಿನ ಮಧ್ಯಾಹ್ನದ ಬಿಸಿಲಿಗೆ ಪುಕ್ಕ ಬಾರದ ಮರಿ ಹೆಚ್ಚು ಹೊತ್ತು ತಾಳುವುದಿಲ್ಲ. ಮೀನು ಹಿಡಿದು ತಂದ ಗಂಡು ದೋಣಿ ಹೋಗುವ ತನಕ ಗೂಡಿಗೆ ಇಳಿಯುವುದಿಲ್ಲ. ಒಂದು ದೋಣಿ ಹತ್ತು ನಿಮಿಷ ನಿಂತರೆ ನಷ್ಟ ದೊಡ್ಡದಲ್ಲ, ಹಿಂದೆಯೇ ಇನ್ನೊಂದು ಬರುವುದು ತೊಂದರೆ. ಮರಿಗಳ ಗರಿಯಲ್ಲಿ ಒತ್ತಡದ ಹಾರ್ಮೋನು ಅಳೆದು ನೋಡಿದವರಿಗೆ ಜನಸಂಚಾರ ಕಡಿಮೆಯಿರುವ ಕಡೆಗಿಂತ ಇಲ್ಲಿ ಅದು ಎದ್ದು ಕಾಣುವಷ್ಟು ಹೆಚ್ಚಿತ್ತು.

1985ರಲ್ಲಿ ಸ್ಕಾಂಡೋಲಾಕ್ಕೆ ಕೊಟ್ಟಿದ್ದ ಯುರೋಪಿಯನ್ ಡಿಪ್ಲೊಮಾ ಎಂಬ ಮಾನ್ಯತೆಯನ್ನು ಯುರೋಪ್ ಮಂಡಳಿ 2020ರಲ್ಲಿ ನವೀಕರಿಸಲಿಲ್ಲ. ದೋಣಿಗಳ ದಟ್ಟಣೆ ಅದಕ್ಕೆ ಮುಖ್ಯ ಕಾರಣ. ಈಗ ಗೂಡುಗಾಲದಲ್ಲಿ ಮರಿಯಿರುವ ಗೂಡುಗಳ ಸುತ್ತ 250 ಮೀಟರ್ ಒಳಗೆ ದೋಣಿ ಬರಬಾರದೆಂಬ ಕಟ್ಟಳೆ ಇದೆ. ಇದನ್ನು ದೋಣಿಯವರು ವಿರೋಧಿಸಿದ್ದು ಆಶ್ಚರ್ಯವಲ್ಲ, ಅವರ ಅನ್ನ ಅದು. ಆದರೆ ಲೆಕ್ಕ ನೋಡಿದರೆ 250 ಮೀಟರ್ ಹೆಚ್ಚೇನೂ ಅಲ್ಲ. ಎಂಟು ಪಟ್ಟಿನ ದುರ್ಬೀನಿನಲ್ಲಿ ಅದು ಮೂವತ್ತು ಮೀಟರಿನಷ್ಟು ಹತ್ತಿರ ಕಾಣುತ್ತದೆ, ಹಕ್ಕಿ ಎದ್ದು ಹಾರಿ ಕಿರುಚುವ ಬದಲು ಮರಿಗೆ ಮೀನು ಹರಿದು ಕೊಡುವುದು ಕಾಣುತ್ತದೆ. ಟಿಕೆಟ್ ಕೊಳ್ಳುವ ಮೊದಲು ದೋಣಿಯವರನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ಗೂಡಿನಿಂದ ಎಷ್ಟು ದೂರ ನಿಲ್ಲಿಸುತ್ತೀರಿ? “ತುಂಬ ಹತ್ತಿರ ಕರೆದೊಯ್ಯುತ್ತೇವೆ” ಎಂದರೆ ಬೇರೆ ದೋಣಿ ನೋಡಿ.

ನೀರಡಿಯ ಹುಲ್ಲುಗಾವಲು

ಈ ತೀರದ ನೀರಡಿಯಲ್ಲಿ ಹುಲ್ಲಿನಂತೆ ಹರಡಿರುವ ಪೊಸಿಡೋನಿಯಾ ಪಾಚಿಯಲ್ಲ. ಬೇರು, ಕಾಂಡ, ಹೂವು, ಕಾಯಿ ಎಲ್ಲ ಇರುವ ಗಿಡ. ನೆಲದಿಂದ ಕಡಲಿಗೆ ಮರಳಿದ ವಂಶದ್ದು. ಮೆಡಿಟರೇನಿಯನ್ ಬಿಟ್ಟರೆ ಈ ಜಾತಿ ಬೇರೆಲ್ಲೂ ಇಲ್ಲ. ಎಲೆ ಒಂದು ಸೆಂ.ಮೀ. ಅಗಲದ ಪಟ್ಟಿ, ಉದ್ದ ಒಂದು ಮೀಟರ್ ತನಕ. ಬೆಳಕು ಸಿಕ್ಕರೆ ನಲವತ್ತು ಮೀಟರ್ ಆಳದವರೆಗೂ ಇಳಿಯುತ್ತದೆ. ಕೋರ್ಸಿಕಾದ ನೀರು ತಿಳಿಯಾದ್ದರಿಂದ ಅಲ್ಲಿ ಅದಕ್ಕೆ ಹತ್ತಿರ ಹತ್ತಿರ ಹೋಗುತ್ತದೆ. ಕಾಲ್ವಿಯ ರೆವೆಲ್ಲಾತಾ ಭೂಶಿರದಲ್ಲಿ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ 1970ರ ದಶಕದಿಂದ ಇದನ್ನು ಅಳೆಯುತ್ತ ಕೂತಿದೆ.

ಇದರ ಕಾಂಡ ಅಡ್ಡಕ್ಕೂ ಬೆಳೆಯುತ್ತದೆ, ಮೇಲಕ್ಕೂ ಬೆಳೆಯುತ್ತದೆ. ಅಡ್ಡಕ್ಕೆ ವರ್ಷಕ್ಕೆ ಕೆಲವೇ ಸೆಂ.ಮೀ. ಎಲೆಗಳು ತಡೆದ ಮರಳು ಮೇಲೆ ಬಿದ್ದು ಹೂತುಹೋಗದಂತೆ ಮೇಲಕ್ಕೆ ಏರುತ್ತ ಹೋಗುತ್ತದೆ; ಕೆಳಗೆ ಸತ್ತ ಬೇರು, ಕಾಂಡ, ಮರಳು ಹೆಣೆದುಕೊಂಡ ಗಟ್ಟಿ ಹಾಸು ಉಳಿಯುತ್ತದೆ. ಅದಕ್ಕೆ ಮ್ಯಾಟ್ ಎನ್ನುತ್ತಾರೆ. ನೂರು ವರ್ಷಕ್ಕೆ ಒಂದು ಮೀಟರ್ ಏರಿದರೆ ಹೆಚ್ಚು. ಕೆಲವೆಡೆ ಹಲವು ಮೀಟರ್ ದಪ್ಪ, ಸಾವಿರಾರು ವರ್ಷದ ಇಂಗಾಲ ಅದರಲ್ಲಿ ಕೊಳೆಯದೆ ಕೂತಿದೆ. ವಯಸ್ಸು ಎಣಿಸುವುದು ಹೇಗೆ ಎಂದರೆ, ಎಲೆ ಉದುರಿದ ಮೇಲೂ ಅದರ ಬುಡದ ಕವಚ ಕಾಂಡದ ಮೇಲೆ ಉಳಿಯುತ್ತದೆ. ಆ ಕವಚಗಳ ದಪ್ಪ ಋತುವಿಗೆ ತಕ್ಕಂತೆ ಹೆಚ್ಚು, ಕಡಿಮೆ, ಹೆಚ್ಚು ಎಂದು ಬದಲಾಗುತ್ತದೆ. ಒಂದೊಂದಾಗಿ ಬಿಡಿಸಿ, ಕತ್ತರಿಸಿ, ಸೂಕ್ಷ್ಮದರ್ಶಕದಡಿ ದಪ್ಪ ಅಳೆದರೆ ಎರಡು ತೆಳು ಕವಚಗಳ ನಡುವಿನದು ಒಂದು ವರ್ಷ. ಯಾವ ವರ್ಷ ಎಷ್ಟು ಎಲೆ ಬಿಟ್ಟಿತ್ತು ಎಂಬುದೂ ಸಿಗುತ್ತದೆ.

ಈಗ ಲಂಗರು. ದೋಣಿಯ ಲಂಗರು ಹಾಸಿನಲ್ಲಿ ಕಚ್ಚುತ್ತದೆ, ಎಳೆದಾಗ ಗಿಡ ಸಮೇತ ಕಿತ್ತು ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಸರಪಳಿ: ಗಾಳಿ ತಿರುಗಿದಂತೆ ದೋಣಿ ತಿರುಗುತ್ತದೆ, ತಳದಲ್ಲಿ ಬಿದ್ದ ಸರಪಳಿ ಚಾಪದಲ್ಲಿ ಉಜ್ಜುತ್ತ ಎಲೆಗಳನ್ನು ಕತ್ತರಿಸುತ್ತದೆ. ಹಾಸಿನಲ್ಲಿ ಒಂದು ಗುಂಡಿ ಆದರೆ ಅಂಚು ಅಲೆಗೆ ಸಿಕ್ಕಿ ಕೊರೆದು ದೊಡ್ಡದಾಗುತ್ತದೆ. ವರ್ಷಕ್ಕೆ ಕೆಲವೇ ಸೆಂ.ಮೀ. ಬೆಳೆಯುವ ಗಿಡ ಒಂದು ಮೀಟರ್ ಗುಂಡಿ ಮುಚ್ಚಲು ಎಷ್ಟು ಕಾಲ ಬೇಕೆಂದು ನೀವೇ ಭಾಗಿಸಿ ನೋಡಿ. ಫ್ರಾನ್ಸಿನಲ್ಲಿ ಈ ಗಿಡಕ್ಕೆ 1988ರಿಂದ ಕಾನೂನಿನ ರಕ್ಷಣೆ ಇತ್ತು, ಆದರೆ ಲಂಗರಿನ ಮಾತು ಬಂದದ್ದು 2019ರಲ್ಲಿ: 24 ಮೀಟರ್ ಮತ್ತು ಅದಕ್ಕಿಂತ ಉದ್ದದ ನೌಕೆಗಳು ಪೊಸಿಡೋನಿಯಾ ಮೇಲೆ ಲಂಗರು ಹಾಕುವಂತಿಲ್ಲ. ದೊಡ್ಡ ವಿಹಾರನೌಕೆಗಳಿಂದ ಹೆಚ್ಚು ಪೆಟ್ಟು ತಿಂದ ಬೊನಿಫಾಚೊ ಬಳಿಯ ಸಂತ್ ಅಮಾಂಜಾ ಕೊಲ್ಲಿಯಲ್ಲಿ ನೌಕೆ ಕಟ್ಟಿಕೊಳ್ಳಲು ಬೋಯೆಗಳನ್ನು, ಅಂದರೆ ತಳಕ್ಕೆ ಬಿಗಿದ ತೇಲುಗುಂಡುಗಳನ್ನು ಇಟ್ಟಿದ್ದಾರೆ.

ಚಿಕ್ಕ ದೋಣಿ ಬಾಡಿಗೆಗೆ ಪಡೆಯುವವರಿಗೆ ಕ್ರಮ ಸರಳ. ನೀರು ತಿಳಿ ನೀಲಿಯಾಗಿ ಕಂಡರೆ ಮರಳು, ಕಡುಗಪ್ಪು ತೇಪೆಯಾಗಿ ಕಂಡರೆ ಹುಲ್ಲು ಅಥವಾ ಬಂಡೆ. ಸೂರ್ಯ ನೆತ್ತಿಯ ಹತ್ತಿರವಿದ್ದಾಗ ಚೆನ್ನಾಗಿ ಗೊತ್ತಾಗುತ್ತದೆ, ಸಂಜೆಯ ಓರೆ ಬೆಳಕಿನಲ್ಲಿ ಮೋಸಹೋಗುತ್ತೀರಿ; ಹುಲ್ಲಿನ ನಕ್ಷೆ ತೋರಿಸುವ ಡೋನಿಯಾ ಎಂಬ ಆ್ಯಪ್ ಇದೆ, ಅದನ್ನು ನೋಡಿ. ಮರಳಿನ ಮೇಲೆ ಲಂಗರು ಬಿಟ್ಟು ಆಳದ ಮೂರು ಪಟ್ಟು ಸರಪಳಿ, ಗಾಳಿ ಇದ್ದರೆ ಐದು ಪಟ್ಟು. ಆಮೇಲೆ ದೋಣಿ ಸುತ್ತುವ ವೃತ್ತ ಪೂರ್ತಿ ಮರಳಿನ ಮೇಲೇ ಇದೆಯೇ ಎಂದು ನೋಡಬೇಕು; ಮರೆಯುವುದು ಇದನ್ನೇ. ಎತ್ತುವಾಗ ದೋಣಿಯನ್ನು ಲಂಗರಿನ ನೇರ ಮೇಲಕ್ಕೆ ತಂದು ಲಂಬವಾಗಿ ಎತ್ತಿ, ಓರೆಯಾಗಿ ಎಳೆಯಬೇಡಿ. ಹುಲ್ಲಿನ ಮೇಲೆ ಹಾಕಿದ ಲಂಗರು ಎಲೆಗಳ ಮೇಲೆ ಜಾರುವುದೂ ಉಂಟು, ಹಾಗಾಗಿ ಇದು ನಿಮ್ಮ ಜೀವದ ಪ್ರಶ್ನೆಯೂ ಹೌದು. 2022ರ ಆಗಸ್ಟ್ 18ರ ಬೆಳಿಗ್ಗೆ ಬಂದ ಬಿರುಗಾಳಿ ಪೋರ್ತೋ ಮೇಲಿನ ಮಾರಿನ್ಯಾನಾದಲ್ಲಿ ಗಂಟೆಗೆ 220 ಕಿ.ಮೀ. ದಾಟಿತ್ತು, ಪಶ್ಚಿಮ ತೀರದಲ್ಲಿ ಲಂಗರು ಹಾಕಿದ್ದ ಎಷ್ಟೋ ದೋಣಿಗಳು ಬಂಡೆಗೆ ಬಂದು ಬಡಿದವು.

ಆ ಬೇಸಿಗೆ ಕಡಲೂ ವಿಪರೀತ ಬಿಸಿಯಾಗಿತ್ತು. ಬೇಸಿಗೆಯಲ್ಲಿ ಬಿಸಿನೀರಿನ ಪದರ ಸಾಮಾನ್ಯವಾಗಿ ಮೇಲೆಯೇ ನಿಲ್ಲುತ್ತದೆ. ಅದು ಕೆಳಕ್ಕೆ ಇಳಿದು ವಾರಗಟ್ಟಲೆ ನಿಂತರೆ ಬಂಡೆಗೋಡೆಯ ಮೇಲೆ ಬೀಸಣಿಗೆಯಂತೆ ಕವಲೊಡೆಯುವ ಗಾರ್ಗೋನಿಯನ್ ಹವಳಗಳ ಅಂಗಾಂಶ ಉದುರಿ ಬರಿ ಕಡ್ಡಿ ಉಳಿಯುತ್ತದೆ. 1999, 2003, 2022 ಮೂರರಲ್ಲೂ ಪಶ್ಚಿಮ ಮೆಡಿಟರೇನಿಯನ್ನಿನಲ್ಲಿ ಹೀಗಾಯಿತು. ಅವು ಬೆಳೆಯುವುದು ವರ್ಷಕ್ಕೆ ಒಂದೆರಡು ಸೆಂ.ಮೀ. ಪೊಸಿಡೋನಿಯಾ ನಡುವೆ ನೆಟ್ಟಗೆ ನಿಲ್ಲುತ್ತಿದ್ದ, ಮೀಟರಿಗೂ ಮಿಕ್ಕಿ ಬೆಳೆಯುವ ಪಿನ್ನಾ ಚಿಪ್ಪು 2016ರಿಂದ ಒಂದು ಪರಾವಲಂಬಿ ಏಕಕೋಶಜೀವಿಯಿಂದ ಹೆಚ್ಚುಕಡಿಮೆ ಇಡೀ ಸಮುದ್ರದಲ್ಲಿ ಅಳಿಯಿತು.

ದಡದಲ್ಲಿ ಚಳಿಗಾಲಕ್ಕೆ ಉದುರಿದ ಎಲೆಗಳು ರಾಶಿ ಬೀಳುತ್ತವೆ, ಕೆಲವೊಮ್ಮೆ ಆಳೆತ್ತರ. ನೋಡಲು ಚೆಂದವಿಲ್ಲ, ವಾಸನೆಯೂ ಇದೆ. ಪ್ರವಾಸಿಗರಿಗೆಂದು ಜೆಸಿಬಿ ತಂದು ತೆಗೆಸಿದ ಊರುಗಳು ಎರಡು ನಷ್ಟ ಅನುಭವಿಸಿದವು: ಎಲೆಯ ಜೊತೆ ಮರಳೂ ಹೋಯಿತು, ಮುಂದಿನ ಬಿರುಗಾಳಿಯ ಅಲೆಗೆ ತಡೆಯೂ ಹೋಯಿತು. ಆ ರಾಶಿ ಇದ್ದರೇ ಬೀಚು ಉಳಿಯುವುದು.

ಮಾಕಿ: ಬೆಂಕಿ ಬಲ್ಲ ಪೊದೆಕಾಡು

ಉತ್ತರದ ಅಗ್ರಿಯಾತನ್ನು ನಕ್ಷೆಗಳಲ್ಲಿ “ಮರುಭೂಮಿ” ಎಂದು ಬರೆದಿರುತ್ತಾರೆ. ಸುಮಾರು 15,000 ಹೆಕ್ಟೇರ್ ಪೊದೆ, ಬಂಡೆ, ಖಾಲಿ ಬೀಚು. ಆದರೆ ಇದು ಎಂದೂ ಮರುಭೂಮಿ ಆಗಿರಲಿಲ್ಲ, ಗೋಧಿ ಬೆಳೆಯುತ್ತಿದ್ದ ನೆಲ. ಪಕ್ಕದ ಕಾಪ್ ಕೋರ್ಸ್ ಪರ್ಯಾಯದ್ವೀಪದ ರೈತರು ದೋಣಿಯಲ್ಲಿ ಬಂದು ಪೊದೆ ಕಡಿದು ಸುಟ್ಟು ಬಿತ್ತಿ, ಕೊಯ್ದು ಹೋಗುತ್ತಿದ್ದರು. ಚಳಿಗಾಲಕ್ಕೆ ಬೆಟ್ಟದ ಕುರಿಗಾಹಿಗಳು ಇಳಿದು ಬರುತ್ತಿದ್ದರು. ಪಾಲ್ಯಾಜಿ ಎಂಬ ಕಲ್ಲುಗುಡಿಸಲುಗಳು ಅಲ್ಲಲ್ಲಿ ಇನ್ನೂ ನಿಂತಿವೆ. ಬೇಸಾಯ ನಿಂತ ಮೇಲೆ ಬಂದದ್ದು ಪೊದೆ. 1970ರ ದಶಕದಲ್ಲಿ ಇಲ್ಲಿ ಪ್ರವಾಸಿ ಬಡಾವಣೆ ಎಬ್ಬಿಸುವ ಯೋಜನೆಗಳಿದ್ದವು. 1975ರಲ್ಲಿ ಹುಟ್ಟಿದ ಫ್ರೆಂಚ್ ಕರಾವಳಿ ಸಂರಕ್ಷಣಾ ಸಂಸ್ಥೆ ತುಂಡುತುಂಡಾಗಿ ಜಮೀನು ಕೊಂಡುಕೊಂಡಿತು. ಅದರ ವಿಧಾನ ಮೆಚ್ಚುವಂಥದ್ದು: ಅದು ಕೊಂಡ ನೆಲವನ್ನು ಮತ್ತೆ ಮಾರುವಂತಿಲ್ಲ. ಇದರ ಜೊತೆಗೆ 1986ರ ಕರಾವಳಿ ಕಾಯ್ದೆ ಊರಿನ ಹೊರಗೆ ನೀರಿನಂಚಿನಿಂದ 100 ಮೀಟರ್ ಒಳಗೆ ಕಟ್ಟಡ ಬೇಡ ಎನ್ನುತ್ತದೆ.

ಈ ಪೊದೆಕಾಡಿಗೆ ಮಾಕಿ ಎಂದು ಹೆಸರು. ನೆಪೋಲಿಯನ್ ಕಣ್ಣುಮುಚ್ಚಿ ಇದರ ಪರಿಮಳದಿಂದಲೇ ತನ್ನ ದ್ವೀಪವನ್ನು ಗುರುತಿಸುತ್ತಿದ್ದನಂತೆ. ಪ್ರವಾಸಿ ಕೈಪಿಡಿಗಳು ಬಿಡದೆ ಹೇಳುವ ಮಾತು, ನಾವು ಮುಂದೆ ಹೋಗೋಣ. ಸಿಸ್ಟಸ್, ಮರಹೀದರ್, ಆರ್ಬುಟಸ್, ಜುನಿಪರ್, ಲೆಂಟಿಸ್ಕ್, ಮಿರ್ಟಲ್ ಮುಖ್ಯ ಗಿಡಗಳು. ಲೆಂಟಿಸ್ಕ್ ಪಿಸ್ತಾದ ಒಡಹುಟ್ಟು, ಮಿರ್ಟಲ್ ನಮ್ಮ ನೇರಳೆಯ ಕುಟುಂಬ. ಅದರ ಕಪ್ಪು ಹಣ್ಣಿನಿಂದ ಮದ್ಯ ಮಾಡುತ್ತಾರೆ. ಬೇಸಿಗೆಯಲ್ಲಿ ಮೂರು ತಿಂಗಳು ಮಳೆ ಇಲ್ಲದ್ದಕ್ಕೆ ಇವೆಲ್ಲ ಎಲೆ ಚಿಕ್ಕದು, ದಪ್ಪ, ಎಣ್ಣೆ ಅಥವಾ ಅಂಟು ಇರುವಂಥದ್ದು ಮಾಡಿಕೊಂಡಿವೆ. ಅದೇ ಎಣ್ಣೆ ಬೆಂಕಿಗೂ ಆಹಾರ.

ಬೆಂಕಿಗೆ ಎರಡು ಬಗೆಯ ಉತ್ತರ ಇವೆ. ಸಿಸ್ಟಸ್ ಸಾಯುತ್ತದೆ, ಆದರೆ ಅದರ ಬೀಜದ ಗಟ್ಟಿ ಸಿಪ್ಪೆ ಸುಮಾರು 100 ಡಿಗ್ರಿ ಬಿಸಿಗೆ ಬಿರಿದು, ಮುಂದಿನ ಮಳೆಗೆ ಸಾವಿರಗಟ್ಟಲೆ ಸಸಿ ಏಳುತ್ತವೆ. ಆರ್ಬುಟಸ್ ಮತ್ತು ಹೀದರ್ ಮೇಲೆ ಸುಟ್ಟರೂ ಮಣ್ಣಿನೊಳಗಿನ ಗಂಟಿನಿಂದ ಮತ್ತೆ ಚಿಗುರುತ್ತವೆ (ಹೀದರಿನ ಆ ಗಂಟಿನಿಂದಲೇ ಹೊಗೆಸೊಪ್ಪಿನ ಪೈಪು ಕೊರೆಯುವುದು). ಬಹಳ ವರ್ಷಕ್ಕೊಮ್ಮೆ ಬೆಂಕಿ ಬಿದ್ದರೆ ಎರಡೂ ಚೇತರಿಸಿಕೊಂಡು, ನೆರಳಿನಡಿ ಇಲೆಕ್ಸ್ ಓಕ್ ಮರ ಮೇಲೇಳುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಿದ್ದರೆ ಗಂಟಿನಲ್ಲಿ ಕೂಡಿಟ್ಟ ಪಿಷ್ಟ ಖಾಲಿಯಾಗುತ್ತದೆ, ಆರ್ಬುಟಸ್ ಸೋಲುತ್ತದೆ, ಗುಡ್ಡವೆಲ್ಲ ಮೊಣಕಾಲೆತ್ತರದ ಸಿಸ್ಟಸ್. ಮಳೆ ಬಂದರೆ ಅದರಡಿಯ ಮಣ್ಣು ನಿಲ್ಲುವುದಿಲ್ಲ. ಗುಡ್ಡದ ಮೇಲೆ ಸಿಸ್ಟಸ್ ಒಂದೇ ಕಂಡರೆ ಅಲ್ಲಿ ಪದೇಪದೇ ಬೆಂಕಿ ಬಿದ್ದಿದೆ ಎಂದು ತಿಳಿಯಿರಿ.

ಲಾವೆಜ್ಜಿ: ಕೊಳೆತ ವಾಸನೆಯ ಹೂವು

ಬೊನಿಫಾಚೊ ಜಲಸಂಧಿ ಕೋರ್ಸಿಕಾ ಮತ್ತು ಸಾರ್ಡೀನಿಯಾ ನಡುವೆ ಸುಮಾರು ಹನ್ನೆರಡು ಕಿ.ಮೀ. ಅಗಲ. ಗಾಳಿ ಎರಡು ಬೆಟ್ಟದ್ವೀಪಗಳ ನಡುವೆ ಹಿಂಡಿ ನುಗ್ಗುತ್ತದೆ. 1855ರ ಫೆಬ್ರವರಿ 15ರಂದು ಕ್ರಿಮಿಯಾ ಯುದ್ಧಕ್ಕೆ ಸೈನಿಕರನ್ನು ಒಯ್ಯುತ್ತಿದ್ದ ಸೆಮಿಯಾಂತ್ ಎಂಬ ಹಡಗು ಲಾವೆಜ್ಜಿ ಬಂಡೆಗೆ ಬಡಿದು ಸುಮಾರು 700 ಮಂದಿ ಸತ್ತರು, ಒಬ್ಬರೂ ಉಳಿಯಲಿಲ್ಲ. 1993ರಿಂದ ಅಪಾಯಕಾರಿ ಸರಕಿನ ಫ್ರೆಂಚ್, ಇಟಾಲಿಯನ್ ಹಡಗುಗಳಿಗೆ ಇಲ್ಲಿ ದಾರಿಯಿಲ್ಲ. 1999ರಲ್ಲಿ ಮೀಸಲಾದ ಜಲಪ್ರದೇಶ ಸುಮಾರು 80,000 ಹೆಕ್ಟೇರ್.

ಲಾವೆಜ್ಜಿಯ ಗ್ರಾನೈಟ್ ಗುಂಡುಗಳ ಸಂದಿನಲ್ಲಿ ಸ್ಕೋಪೊಲಿ ಶಿಯರ್‌ವಾಟರ್ ಎಂಬ ಕಡಲಹಕ್ಕಿ ಗೂಡಿಡುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ, ಮೇ ಕೊನೆಗೆ. ಮರಿ ಹಾರುವುದು ಅಕ್ಟೋಬರ್. ಹಡಗುಗಳಲ್ಲಿ ಬಂದಿಳಿದ ಕಪ್ಪು ಇಲಿ ಮರಿಗಳನ್ನು ತಿನ್ನುತ್ತಿತ್ತು. 2000ದಲ್ಲಿ, ಹಕ್ಕಿಗಳು ಇಲ್ಲದ ತಿಂಗಳು ನೋಡಿ ಇಲಿ ನಿರ್ಮೂಲನ ಮಾಡಿದರು. ನಂತರದ ವರ್ಷಗಳಲ್ಲಿ ಜೋಡಿಯೊಂದಕ್ಕೆ ಹಾರುವ ಮರಿಗಳ ಪ್ರಮಾಣ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ದೋಣಿಯಲ್ಲಿ ಬರುವ ಒಂದು ಬಸುರಿ ಇಲಿ ಸಾಕು ಅದನ್ನೆಲ್ಲ ಹಾಳುಮಾಡಲು, ಆದ್ದರಿಂದ ಚೀಲ ಬಿಚ್ಚಿ ನೋಡಿಕೊಂಡೇ ಇಳಿಯುವುದು ಒಳ್ಳೆಯದು.

ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕಾಲುದಾರಿಯ ಪಕ್ಕ ಹೆಣದ ವಾಸನೆ ಬಂದರೆ ಹೆದರಬೇಡಿ. ಹೆಲಿಕೋಡಿಸೆರಾಸ್ ಎಂಬ ಗಿಡದ ಹೂಗೊಂಚಲು ಅದು, ಸುವರ್ಣಗಡ್ಡೆಯ ಕುಟುಂಬದ್ದು. ಸುವರ್ಣಗಡ್ಡೆಯ ಹೂ ಮೂಸಿದವರಿಗೆ ವಿವರಿಸಬೇಕಿಲ್ಲ. ಮಾಂಸದ ಬಣ್ಣದ, ಕೂದಲಿರುವ ದೊಡ್ಡ ಹಾಳೆ, ಬುಡದಲ್ಲಿ ಕೋಣೆ. ಮೊದಲ ದಿನ ಅದು ಮೈ ಬಿಸಿ ಮಾಡಿಕೊಂಡು ವಾಸನೆ ಹರಡುತ್ತದೆ. ಮೊಟ್ಟೆಯಿಡಲು ಹೆಣ ಹುಡುಕುವ ಹೆಣ್ಣು ನೊಣಗಳು ಕೂದಲು ಸರಿಸಿ ಕೋಣೆಗೆ ಇಳಿಯುತ್ತವೆ. ಬಾಯಲ್ಲಿನ ಮುಳ್ಳೆಳೆಗಳು ಹೊರಗೆ ಬಿಡುವುದಿಲ್ಲ. ಆ ದಿನ ಹೆಣ್ಣು ಹೂಗಳು ಮಾತ್ರ ಸಿದ್ಧ, ನೊಣ ತಂದ ಪರಾಗ ಅವಕ್ಕೆ ಅಂಟುತ್ತದೆ. ರಾತ್ರಿ ಸೆರೆವಾಸ. ಮರುದಿನ ಗಂಡು ಹೂ ಪರಾಗ ಉದುರಿಸುತ್ತದೆ, ಎಳೆಗಳು ಬಾಡುತ್ತವೆ, ನೊಣ ಮೈತುಂಬ ಪುಡಿ ಹೊತ್ತು ಹೊರಬಿದ್ದು ಇನ್ನೊಂದು ಹೂವಿಗೆ ಮೋಸಹೋಗುತ್ತದೆ. ಗಲ್ ಎಂಬ ಕಡಲಹಕ್ಕಿಗಳು ಮರಿ ಮಾಡುವುದೂ ಇದೇ ತಿಂಗಳಲ್ಲಿ. ಅವುಗಳ ಸುತ್ತ ಸತ್ತ ಮರಿ, ಮೀನಿನ ಚೂರು, ನೊಣ ಧಾರಾಳ. ಗಿಡ ಹೂ ಬಿಡುವ ಕಾಲ ಅದಕ್ಕೆ ಹೊಂದಿಕೊಂಡಿದೆ.

ಹೋಗುವವರಿಗೆ

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ಹೂವು ಮತ್ತು ಹಕ್ಕಿ. ಸೆಪ್ಟೆಂಬರಿನಲ್ಲಿ ಬೆಚ್ಚಗಿನ ನೀರು, ಜನ ಕಡಿಮೆ. ಅಕ್ಟೋಬರ್, ನವೆಂಬರಿನಲ್ಲಿ ಆರ್ಬುಟಸ್ ಒಂದೇ ಕೊಂಬೆಯಲ್ಲಿ ಹೂ, ಹಣ್ಣು ಎರಡನ್ನೂ ಹೊತ್ತಿರುತ್ತದೆ. ಜುಲೈ, ಆಗಸ್ಟ್ ಬೇಡ ಎನ್ನುವುದು ನಮ್ಮ ಸಲಹೆ. ಸ್ಕಾಂಡೋಲಾಕ್ಕೆ ದೋಣಿಯೊಂದೇ ದಾರಿ, ಪ್ರವಾಸಿ ದೋಣಿಗಳು ದಡಕ್ಕೆ ಇಳಿಸುವುದಿಲ್ಲ. ಪಕ್ಕದ ಜಿರೊಲಾತಾ ಹಳ್ಳಿಗೆ ರಸ್ತೆ ಇಲ್ಲ. ಬೊಕ್ಕಾ ಅ ಕ್ರೋಚೆ ಎಂಬ ಕಣಿವೆಬಾಯಿಯಿಂದ ಒಂದೂವರೆ, ಎರಡು ತಾಸು ನಡಿಗೆ. ಹೋಗುವಾಗ ಇಳಿಜಾರು, ಮರಳುವಾಗ ಬಿಸಿಲಿನಲ್ಲಿ ಏರು. ಜನ ಸುಸ್ತಾಗಿ ಬೀಳುವುದು ಮರಳುವಾಗ. ಪಿಯಾನಾ ಬಳಿಯ ಕಾಪು ರೊಸ್ಸು ತುದಿಯ ಗೋಪುರ 331 ಮೀಟರ್ ಎತ್ತರದಲ್ಲಿದೆ, ದಾರಿಯಲ್ಲಿ ನೆರಳಿಲ್ಲ, ನೀರಿಲ್ಲ. ತಲೆಗೆ ಮೂರು ಲೀಟರ್ ನೀರು ಒಯ್ಯಿರಿ. ಅಗ್ರಿಯಾತದಲ್ಲಿ ಸೇಂಟ್ ಫ್ಲೋರೆಂಟಿನಿಂದ ಲೋತು ಬೀಚಿಗೆ ದೋಣಿ, ಅಲ್ಲಿಂದ ಸಲೆಚ್ಚಾಕ್ಕೆ ಒಂದು ತಾಸು ನಡಿಗೆ.

ಕಾಡಿನಲ್ಲಿ, ಬೀಚಿನಲ್ಲಿ ಕಂಡಲ್ಲಿ ಡೇರೆ ಹಾಕುವುದು, ಒಲೆ ಹೂಡುವುದು ಎರಡೂ ನಿಷಿದ್ಧ. ಬೇಸಿಗೆಯಲ್ಲಿ ಬೆಂಕಿಯ ಅಪಾಯ ಹೆಚ್ಚಿದ ದಿನ ಆಡಳಿತ ಕಾಡುದಾರಿಗಳನ್ನೇ ಮುಚ್ಚುತ್ತದೆ. ಹಿಂದಿನ ಸಂಜೆ ಪ್ರಕಟಣೆ ನೋಡಿಕೊಳ್ಳಿ. ಹಾವಿನ ಭಯ ಇರುವವರಿಗೆ ಒಂದು ಮಾತು: ಮಂಡಲದ ಹಾವಿನ ಸಂಬಂಧಿಗಳಾದ ಯುರೋಪಿನ ವೈಪರ್‌ಗಳು ಕೋರ್ಸಿಕಾದಲ್ಲಿಲ್ಲ. ಪಶ್ಚಿಮದ ಗಾಳಿ ಎದ್ದರೆ ಪೋರ್ತೋ ದೋಣಿಗಳು ಹೊರಡುವುದಿಲ್ಲ, ಆದ್ದರಿಂದ ದೋಣಿಯ ದಿನವನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.